ಕಿವಿಗೆ ಹಿಡಿದು ನೋಡಿದ ಮೆದುಳು

ವಿಜ್ಞಾನಕ್ಕೂ ನಮ್ಮೂರಿಗೂ ಜಗಳವೇನಿಲ್ಲ. ಆದರೆ ಎರಡೂ ಒಂದೇ ಕೋಣೆ ಸೇರಿದರೆ ಏನಾದರೊಂದು ಆಗದೆ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ತಿಪಟೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಓದುವಾಗ ಅಂಟಿಕೊಂಡ ಹುಚ್ಚೊಂದು ಬಿಟ್ಟಿರಲಿಲ್ಲ. ಕೋಳಿ ಭ್ರೂಣದ ಮೆದುಳಿನ ಚೂರನ್ನು ಗಾಜಿನ ಡಬ್ಬಿಯಲ್ಲಿ ಬದುಕಿಸಿ, ಅದಕ್ಕೊಂದು ಬಣ್ಣ ಉಣಿಸಿ, ನರಕೋಶಗಳು ಮಿಡಿದಾಗ ಬೆಳಕು ಒಂಚೂರೇ ಚೂರು ಬದಲಾಗುವುದನ್ನು ಹಿಡಿಯುವುದು. ಸೂಜಿ ಚುಚ್ಚುವ ಕೆಲಸವೇ ಇಲ್ಲ. ಆಟದ ಸಾಮಾನಿನ ಕೋಣೆಯನ್ನು ಪ್ರಿನ್ಸಿಪಾಲರು ಇದಕ್ಕೆ ಬಿಟ್ಟುಕೊಟ್ಟು, "ದಸರಾ ರಜೆಯೊಳಗೆ ಏನಾದ್ರೂ ತೋರಿಸಿ. ಇಲ್ದಿದ್ರೆ ಬ್ಯಾಟು, ಚೆಂಡು ವಾಪಸ್ ಬರ್ತವೆ" ಎಂದಿದ್ದರು.

೧. ಮೊಟ್ಟೆ

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಹೊಸಿಲು ದಾಟಿದ್ದೇ ಇಲ್ಲ. ಒಂದು ಸಂಜೆ, ಮರುದಿನ ಕಾಲೇಜಿಗೆ ಒಯ್ಯಲೆಂದು, ಕಾವು ಕೊಟ್ಟ ಆರು ಮೊಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಮನೆಗೆ ತಂದೆ. ಅಮ್ಮ ಚೀಲ ಬಿಚ್ಚಿಯೇಬಿಟ್ಟಳು.

"ಯಾವಾಗಿಂದ್ಲೋ ಇದ್ನ ತಿನ್ನೋದು?"

"ಅಯ್ಯೋ, ತಿನ್ನಲ್ಲಮ್ಮ. ಒಳಗಿರೋ ಮರಿ ಮೆದುಳು ತೆಗೆದು ಡಬ್ಬೀಲಿ ಸಾಕ್ತೀನಿ."

ಅಮ್ಮ ಚೀಲದ ಬಾಯಿ ಕಟ್ಟಿ ನನ್ನತ್ತ ನೋಡಿದಳು. ಆ ನೋಟ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಮೆಲ್ಲಗೆ ಅಂದಳು: "ತಿಂದಿದ್ರೇ ವಾಸಿಯಾಗಿತ್ತು ಕಣಪ್ಪ."

೨. ಮೊದಲ ಮಾತು

ಐದು ವಾರ, ಆ ಬೆಳಕಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಹಸಿರು ಗೆರೆ ಮಿಸುಕಲಿಲ್ಲ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಎಗರಿತು. ಮತ್ತೆ ಎಗರಿತು. ನಮ್ಮ ಅಟೆಂಡರನ್ನು ಕೂಗಿದೆ. ಹಂದನಕೆರೆಯವರು, ನಿವೃತ್ತಿಗೆ ಹತ್ತಿರವಾದವರು.

"ನೋಡ್ರೀ, ಮೆದುಳು ಮಾತಾಡ್ತಿದೆ!"

ಅವರು ಪರದೆ ನೋಡುತ್ತಲೇ ಹೊರಗಿನ ಸದ್ದಿಗೆ ಕಿವಿಗೊಟ್ಟರು.

"ಸಾ, ಹಿಂದ್ಗಡೆ ಕೊಬ್ಬರಿ ಮಂಡೀಲಿ ಮೂಟೆ ಇಳಿಸ್ತಾವ್ರೆ. ಒಂದ್ ಮೂಟೆ ಬಿದ್ರೆ ಒಂದ್ಸಲ ಎಗರ್ತದೆ."

ಮೇಜಿನ ನಾಲ್ಕು ಕಾಲಿಗೂ ತೆಂಗಿನ ನಾರಿನ ಮೆತ್ತೆ ಹಾಕಿದೆವು. ಗೆರೆ ತೆಪ್ಪಗೆ ಮಲಗಿತು. ನನಗೆ ಅಳುವೇ ಬಂದಿತ್ತು. ಅವರು ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕೋಬ್ಯಾಡಿ ಸಾ. ನಮ್ ಸ್ಟಾಫ್ ರೂಮಲ್ಲೂ ಬೆಲ್ ಹೊಡೆಯೋಗಂಟ ಯಾರೂ ಮಿಸುಕಾಡಲ್ಲ."

೩. ಪರೀಕ್ಷೆ

ರಜೆಗೆ ಎರಡೇ ದಿನ ಉಳಿದಿತ್ತು. ಬೆಳಗ್ಗೆ, ಮಂಡಿ ತೆರೆಯುವ ಮುಂಚೆ, ಗೆರೆ ಎಗರಿತು. ಮೂಟೆಯಿಲ್ಲ, ಲಾರಿಯಿಲ್ಲ. ಸಣ್ಣಗೆ, ಮತ್ತೆ ಮತ್ತೆ. ಕಣ್ಣಿಲ್ಲದ, ಮೈಯಿಲ್ಲದ ಆ ಚೂರು ಕತ್ತಲಲ್ಲಿ ಕೂತು ಯಾರಿಗೋ ಏನೋ ಹೇಳುತ್ತಿತ್ತು. ಸಂತೋಷಕ್ಕಿಂತ ಮೊದಲು ಅದರ ಮೇಲೆ ಮರುಕ ಹುಟ್ಟಿತು. ಆಮೇಲೆ ಓಡಿಹೋಗಿ ಪ್ರಿನ್ಸಿಪಾಲರನ್ನು ಕರೆತಂದೆ.

ಅವರು ಅರಳಗುಪ್ಪೆ ಕಡೆಯ ತೋಟದ ಮನೆಯವರು. ಡಬ್ಬಿಯ ಮೇಲೆ ಬಗ್ಗಿ, "ಒಡೀದೆ, ಚುಚ್ಚದೆ ಒಳಗಿಂದು ತಿಳ್ಕೊಳ್ಳೋದು ಅಂದ್ರಲ್ಲ, ಇದೇನಾ?" ಎಂದರು.

"ಹೌದು ಸಾರ್."

"ಅದೇನ್ ಮಹಾ ಕಣ್ರೀ! ನಮ್ಮಪ್ಪ ಅಟ್ಟದ ಕಾಯಿನೆಲ್ಲ ಹಂಗೇ ನೋಡ್ತಿದ್ರು."

ನಮ್ಮ ಕಡೆ ಕೊಬ್ಬರಿಗೆಂದು ಕಾಯಿಗಳನ್ನು ವರ್ಷದ ಮಟ್ಟಿಗೆ ಅಟ್ಟದಲ್ಲಿಟ್ಟು, ನಡುವೆ ಒಂದೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಇಡಬೇಕು. ಒಣಗಿದ ಕೊಬ್ಬರಿ ಗಡಗಡ ಅಂದರೆ ಒಡೆಯಬಹುದು. ಇದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಪ್ರಿನ್ಸಿಪಾಲರು ಡಬ್ಬಿ ಎತ್ತಿ, ಕಿವಿಗೆ ಹಿಡಿದು, ಮೂರು ಸಲ ಚೆನ್ನಾಗಿ ಅಲ್ಲಾಡಿಸಿದ್ದರು.

ಆರು ವಾರ ಸಾಕಿದ ಜೀವ. ಮೆದುಳೂ ಹೋಯಿತು, ಕೋಣೆಯೂ ಹೋಯಿತು ಎಂದುಕೊಂಡೆ.

ಅವರು ಡಬ್ಬಿಯನ್ನು ಜೋಪಾನವಾಗಿ ಕೆಳಗಿಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಳಗೆ ಇನ್ನೂ ನೀರಿದೆ ಕಣ್ರೀ. ಆತುರ ಪಡಬೇಡಿ. ಕೋಣೆ ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ."