ಬ್ರಹ್ಮಾಂಡದ ಸಾರು ಕುದಿಸುವ ನನ್ನಕ್ಕ

ನನ್ನಕ್ಕ ಬ್ರಹ್ಮನ ಕೆಲಸಕ್ಕೇ ಕೈಹಾಕಿದವಳು. ನಗಬೇಡಿ! ಬ್ರಹ್ಮಾಂಡ ಹುಟ್ಟಿದ ಗಳಿಗೆಯಲ್ಲಿ, ಪ್ರೋಟಾನು ನ್ಯೂಟ್ರಾನುಗಳು ಕೂಡ ಇನ್ನೂ ರೂಪುಗೊಳ್ಳದಿದ್ದಾಗ, ಎಲ್ಲೆಲ್ಲೂ ಇದ್ದದ್ದು ಕುದಿಯುವ ಒಂದು ಸಾರಂತೆ. ದೂರದ ಯಾವುದೋ ದೇಶದಲ್ಲಿ, ನೆಲದಡಿಯ ಸುರಂಗದೊಳಗೆ, ಸೀಸದ ಪರಮಾಣುಗಳ ತಿರುಳನ್ನು ಎದುರುಬದುರು ಓಡಿಸಿ ಢಿಕ್ಕಿ ಹೊಡೆಸಿದರೆ ಆ ಸಾರು ರೆಪ್ಪೆ ಬಡಿಯುವಷ್ಟು ಹೊತ್ತೂ ಉಳಿಯದೆ ಹುಟ್ಟಿ ಮಾಯವಾಗುತ್ತದೆ. ಸೂರ್ಯನ ಹೊಟ್ಟೆಗಿಂತ ಲಕ್ಷಪಟ್ಟು ಬಿಸಿ! ಅದರಿಂದ ಸಿಡಿದ ಚೂರುಗಳ ಜಾತಕವನ್ನು ಜಪಾನಿನ ತ್ಸುಕುಬಾದಲ್ಲಿ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು ಇವಳ ಉದ್ಯೋಗ. ಇಂಥವಳು ತಿನ್ನುವುದೇನು ಗೊತ್ತೇ? ಕೊಂಬಿನಿ ಎಂಬ ಹಗಲಿರುಳೂ ತೆರೆದಿರುವ ಅಂಗಡಿಯ ತಣ್ಣನೆಯ ಅನ್ನ. ಅಂಗಡಿಯ ಹುಡುಗಿ ಪ್ರತಿಸಲವೂ "ಬಿಸಿ ಮಾಡಿಕೊಡಲೇ?" ಎಂದು ಬಾಗಿ ಕೇಳುತ್ತಾಳೆ. ಇವಳು ಪ್ರತಿಸಲವೂ ಬೇಡ ಎನ್ನುತ್ತಾಳೆ. ಅಲ್ಲಿ ನಿಂತು ಕಾಯಲು ಇವಳಿಗೆ ಪುರುಸೊತ್ತಿಲ್ಲ!

ನನಗೆ ಇವಳ ಮೇಲೆ ಕೋಪ. ಮೊದಲೇ ಹೇಳಿಬಿಡುತ್ತೇನೆ, ಅಕ್ಕತಂಗಿಯರ ಪ್ರೀತಿಯ ಬರಹವೆಂದು ಓದಲು ಕೂತವರು ಈಗಲೇ ಎದ್ದುಹೋಗಬಹುದು. ಗಂಡನ ಕಂಪನಿ ನಮ್ಮನ್ನು ಬೆಂಗಳೂರಿನಿಂದ ಟೋಕಿಯೋಗೆ ಕಳಿಸಿದಾಗ, ಮನೆ ಮಾಡಿದರೆ ತ್ಸುಕುಬಾದಲ್ಲೇ ಎಂದು ನಾನು ಹಟ ಹಿಡಿದದ್ದು ಇವಳು ಇಲ್ಲಿದ್ದಾಳೆಂದು. ನನ್ನ ಹಟಕ್ಕೆ ಆ ಮನುಷ್ಯ ಪಾಪ ದಿನವೂ ರೈಲಿನಲ್ಲಿ ನಿಂತು ಟೋಕಿಯೋಗೆ ಹೋಗಿಬರುತ್ತಾರೆ. ಅಕ್ಕನದೋ ಗುತ್ತಿಗೆ ಕೆಲಸ. ಮಾರ್ಚಿಗೆ ಅದು ಮುಗಿಯುವುದಿತ್ತು. ಅಷ್ಟರಲ್ಲಿ ದೇವರು ಕಣ್ಣುಬಿಟ್ಟಂತೆ ಅವಳ ವಿಭಾಗದಲ್ಲೇ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಸಿಕ್ಕರೆ ಇಲ್ಲೇ ಇರುತ್ತಾಳೆ, ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ದೇಶಕ್ಕೆ. ಅದನ್ನು ಅವಳು ಕೈಯಾರೆ ಹೇಗೆ ಕೆಡಿಸಿಕೊಂಡಳು ಎಂದು ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಇವಳೊಂದಿಗೆ ನಾಲ್ಕು ಜನರ ಮನೆಗೆ ಹೋಗುವುದೇ ಕಷ್ಟ. ಹೋದ ಯುಗಾದಿಗೆ ಟೋಕಿಯೋದ ಕನ್ನಡದವರೊಬ್ಬರು ಊಟಕ್ಕೆ ಕರೆದಿದ್ದರು. ಮನೆಯಾಕೆ ಬೆಳಗಿನಿಂದ ಬೆವರಿಳಿಸಿ ಒಬ್ಬಟ್ಟಿನ ಸಾರು ಮಾಡಿದ್ದರು. ನಮ್ಮಕ್ಕ ಬಟ್ಟಲನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು.

"ಇದು ಸರಿಯಾಗಿ ಫ್ಲೋನೇ ಆಗ್ತಿಲ್ಲ ಅಲ್ವಾ? ನಮ್ ಸಾರು ಇದಕ್ಕಿಂತ ಸಲೀಸಾಗಿ ಹರಿಯುತ್ತೆ."

"ಹೌದಾ?" ಎಂದರು ಆಕೆ, ಹಲ್ಲುಕಚ್ಚಿ. "ನೀವು ಏನ್ ಹಾಕ್ತೀರಿ ಅದಕ್ಕೆ?"

"ಸೀಸ."

ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ. ನಾನೇ ಆಗಿದ್ದರೂ ಕರೆಯುತ್ತಿರಲಿಲ್ಲ!

ಇನ್ನು ಅಕ್ಕನ ವಿಜ್ಞಾನಿಗಳ ಪಂಗಡದಲ್ಲಿ ಒಂದು ಮಡಿ ಇದೆ. ನಮ್ಮಜ್ಜಿಯ ಮಡಿಯನ್ನೂ ಮೀರಿಸಿದ್ದು. ಪ್ರಯೋಗದ ನಿಜವಾದ ಫಲಿತಾಂಶವನ್ನು ಮೊದಲೇ ಇಣುಕಿ ನೋಡುವಂತಿಲ್ಲ. ಮುಚ್ಚಿಡಬೇಕು. ನಕಲಿ ಅಂಕಿಗಳ ಮೇಲೆ ಲೆಕ್ಕದ ದಾರಿಯನ್ನೆಲ್ಲ ಹಾಕಿ, ಹತ್ತಾರು ಜನ ಕೂತು ಒಪ್ಪಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಮೊದಲೇ ನೋಡಿದರೆ ಮನಸ್ಸು ತನಗೆ ಬೇಕಾದದ್ದನ್ನೇ ಕಾಣುತ್ತದಂತೆ. ಇರಲಿ, ಪ್ರಯೋಗಶಾಲೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಹಮಾಮತ್ಸುವಿನಲ್ಲಿ ಮೋಟರ್‌ಸೈಕಲ್ ಎಂಜಿನ್ ಮಾಡುವ ಹಾಸನದ ಹುಡುಗನೊಬ್ಬನ ಫೋಟೋವನ್ನು ಮದುವೆಗೆಂದು ನಾನು ಕಳಿಸಿದಾಗಲೂ ಅದೇ ಮಡಿಯೇ?

"ಏನೇನ್ ನೋಡ್ಬೇಕು ಅಂತ ಮೊದ್ಲು ಡಿಸೈಡ್ ಮಾಡೋಣ ಕಣೆ. ಆಮೇಲೆ ಫೋಟೋ ಓಪನ್ ಮಾಡ್ತೀನಿ."

ಇವಳು ಡಿಸೈಡ್ ಮಾಡುವಷ್ಟರಲ್ಲಿ ಆ ಹುಡುಗ ಮೈಸೂರಿನ ಹುಡುಗಿಯನ್ನು ಮದುವೆಯಾಗಿ, ಹಮಾಮತ್ಸುವಿಗೆ ಕರೆತಂದು, ಗೃಹಪ್ರವೇಶದ ಹೋಳಿಗೆಯನ್ನೂ ಹಂಚಿದ್ದ. ಆಗ ಫೋಟೋ ತೆರೆದು ನೋಡಿದಳು. "ಚೆನ್ನಾಗೇ ಇದ್ದ ಅಲ್ವೇನೇ!" ಎಂದಳು. ಕೈಯಲ್ಲಿದ್ದ ಸೌಟನ್ನು ಅವಳ ಮೇಲೆ ಎಸೆಯದೆ ಉಳಿದದ್ದು ನನ್ನ ಪುಣ್ಯವೋ ಅವಳದೋ.

ಈಗ ಮುಖ್ಯ ವಿಷಯ. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಅವಳ ಫಲಿತಾಂಶದ ಮುಚ್ಚಳ ಕಳೆದ ಚಳಿಗಾಲ ತೆರೆಯಿತು. ಗ್ರಾಫಿನ ಗೆರೆಯ ನಡುವೆ ಯಾರೂ ನಿರೀಕ್ಷಿಸದ ಒಂದು ಗುಡ್ಡ! ಆ ಸಾರಿನ ಬಗ್ಗೆ ಯಾರಿಗೂ ಗೊತ್ತಿಲ್ಲದ ಏನನ್ನೋ ಅದು ಹೇಳುತ್ತಿತ್ತಂತೆ. ಅವಳ ಸೆನ್ಸೇ, ಅಂದರೆ ಗುರುಗಳು, ತಾವೇ ಎದ್ದು ನಿಂತು ಅವಳಿಗೆ ಬಾಗಿದರಂತೆ. ಕಾಯಂ ಹುದ್ದೆ ಅವಳಿಗೇ ಎಂದು ಎಲ್ಲರೂ ಮಾತಾಡಿಕೊಂಡರು. ನಾನು ಅವಳನ್ನು ಎಳೆದುಕೊಂಡು ಹೋಗಿ ಕರಿ ಸೂಟು ಹೊಲಿಸಿದೆ. ಸಂದರ್ಶನದ ಹಿಂದಿನ ವಾರ ಸೈಕಲ್ ತುಳಿದುಕೊಂಡು ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕೂತಳು.

"ನನ್ ಲೆಕ್ಕದಲ್ಲಿ ಒಂದ್ ಕರೆಕ್ಷನ್ ಎರಡ್ ಸಲ ಸೇರ್ಕೊಂಡ್‌ಬಿಟ್ಟಿದೆ ಕಣೆ. ಅದನ್ನ ತೆಗೆದ್ರೆ ಗುಡ್ಡಾನೇ ಇಲ್ಲ."

"ಯಾರು ಕಂಡುಹಿಡಿದದ್ದು?"

"ನಾನೇ."

"ಬೇರೆ ಯಾರಿಗಾದ್ರೂ ಗೊತ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಇಂಟರ್‌ವ್ಯೂ ಮುಗಿಯೋವರ್ಗೂ ಬಾಯ್ ಮುಚ್ಕೊಂಡಿರು! ಸುಳ್ ಹೇಳು ಅಂತಿಲ್ಲ. ಒಂದ್ ವಾರ ಲೇಟಾಗಿ ನಿಜ ಹೇಳು ಅಂತಿದೀನಿ."

"ಆ ಗುಡ್ಡ ನೋಡೇ ತಾನೆ ಅವರು ಕೆಲಸ ಕೊಡೋದು? ಇಲ್ದೇ ಇರೋದನ್ನ ತೋರ್ಸಿ ಹೆಂಗೆ ತಗೊಳ್ಳಲಿ?"

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಎಂದರೆ ಇದಲ್ಲದೆ ಮತ್ತೇನು? ಸಂದರ್ಶನದಲ್ಲಿ ಮೊದಲ ಸ್ಲೈಡಿಗೇ ತನ್ನ ತಪ್ಪನ್ನು ಹಾಕಿದಳು! ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದವಳ ಮುಖ ಅರಳಿತ್ತು. "ತುಂಬಾ ಉಪಯುಕ್ತವಾಗಿತ್ತು ಅಂತ ಎಲ್ರೂ ಹೇಳಿದ್ರು ಕಣೆ, ತಲೆ ಬಗ್ಗಿಸಿ!" ಎಂದಳು. ಅಯ್ಯೋ! ಜಪಾನಿನಲ್ಲಿ ಯಾರು ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುತ್ತಾರೆ? "ತುಂಬಾ ಉಪಯುಕ್ತವಾಗಿತ್ತು" ಎಂದರೆ "ಹೋಗಿ ಬನ್ನಿ" ಎಂದು. ತರಕಾರಿ ಅಂಗಡಿಗೆ ಮಾತ್ರ ಹೋಗಿಬರುವ ನನಗೆ ಗೊತ್ತಿರುವುದು ಪರಮಾಣು ಒಡೆಯುವವಳಿಗೆ ಗೊತ್ತಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು. ಅಂದು ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯ ಅಜ್ಜಿ, ಎಂದೂ ನಮ್ಮತ್ತ ತಲೆಹಾಕದವರು, "ಸುಮಿಮಾಸೆನ್, ಕ್ಷಮಿಸಿ, ಎಲ್ಲರೂ ಕ್ಷೇಮವೇ?" ಎಂದು ಬಾಗಿಲು ತಟ್ಟಿದರು.

ನಿನ್ನೆ ಅವಳ ಅಡುಗೆಮನೆ ಖಾಲಿ ಮಾಡಲು ಹೋಗಿದ್ದೆ. ಆ ಸುರಂಗ ಇರುವ ದೇಶದಲ್ಲಿ ಇನ್ನೊಂದು ಗುತ್ತಿಗೆ ಕೆಲಸ ಸಿಕ್ಕಿದೆ. ಮುಂದಿನ ವಾರ ವಿಮಾನ. ಖಾಲಿ ಮಾಡಲು ಇದ್ದದ್ದಾದರೂ ಏನು, ಒಂದು ಬಾಣಲೆ! ಅದನ್ನು ಕಾಗದದಲ್ಲಿ ಸುತ್ತುತ್ತಾ ಬೈಯುತ್ತಲೇ ಇದ್ದೆ. ಹಟಮಾರಿ ಎಂದೆ, ಲೋಕಜ್ಞಾನ ಇಲ್ಲದವಳು ಎಂದೆ, ನಿನ್ನ ಸತ್ಯವನ್ನು ನೀನೇ ಹುರಿದುಕೊಂಡು ತಿನ್ನು ಎಂದೆ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಕೆಲಸ ಸಿಗ್ಲಿಲ್ಲ ಅಂತ ಗೊತ್ತಾದಾಗ ಎಲ್ರೂ ಬಗ್ಗಿ ಸಾರಿ ಹೇಳಿದ್ರು ಕಣೆ," ಎಂದಳು. "ನನ್ ಪರವಾಗಿ ಕಿರುಚಿದ್ದು ನೀನೊಬ್ಳೇ."

ನಾನು ಸುತ್ತುವುದನ್ನು ನಿಲ್ಲಿಸಿದೆ.

"ನಂಗೂ ಆ ಕೆಲಸ ಬೇಕಿತ್ತು," ಎಂದಳು ಅಕ್ಕ. "ತುಂಬಾ ಬೇಕಿತ್ತು ಕಣೆ. ನಿನ್ ಹತ್ರಾನೇ ಇರ್ಬೇಕು ಅಂತಿತ್ತು."

ಬಾಣಲೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ.