ಸಾರಿನ ಪುಡಿ ನುಂಗಿದ ಮೋಡ

“ನೋಡ್ತಾ ಇರಿ ಪುಟ್ಟಗೌರಮ್ಮ, ಈಗ ನಮ್ಮ ತಾರಸಿ ಮೇಲೇ ಮೋಡ!” ಎಂದು ಪಕ್ಕದ ಮನೆಯ ಶಿವನಂಜಪ್ಪ ಮೇಷ್ಟ್ರು ಘೋಷಿಸಿದರು.

ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಈ ಮನುಷ್ಯ ಎರಡು ಮನೆಗೂ ಸೇರಿದ ತಾರಸಿಯನ್ನು ತಮ್ಮ ಪ್ರಯೋಗಶಾಲೆ ಮಾಡಿಕೊಂಡುಬಿಟ್ಟಿದ್ದರು. ಈ ಸಲದ್ದು ನೀರು ಕಾಯಿಸುವ ಹಂಡೆ, ಹಳೇ ಫ್ರಿಜ್ಜು ಮತ್ತು ಆನೆ ಸೊಂಡಿಲಿನಂಥ ಒಂದು ಕೊಳವೆ ಸೇರಿಸಿ ಕಟ್ಟಿದ ಮೋಡದ ಯಂತ್ರ.

ಯಾರಿಗೆ ಬೇಕಿತ್ತು ಮೋಡ! ಪುಟ್ಟಗೌರಮ್ಮ ಆಗಷ್ಟೇ ಮಿಲ್ಲಿನಿಂದ ವರ್ಷದ ಸಾರಿನ ಪುಡಿ ತಂದಿದ್ದರು. ಬಿಸಿಯಾಗಿರುವಾಗಲೇ ಡಬ್ಬಕ್ಕೆ ತುಂಬಿದರೆ ಬೆವರಿ ಕೆಡುತ್ತದೆಂದು ತಾರಸಿಯಲ್ಲೇ ಹಳೇ ಪಂಚೆಯ ಮೇಲೆ ಹರಡಿದ್ದರು. ಮಧ್ಯಾಹ್ನದ ಊಟಕ್ಕೆ ಮಗಳ ಅತ್ತೆ ಮಾವ ಬರುವವರಿದ್ದರು. ಮದುವೆ ಮನೆಯಲ್ಲಿ “ಸಾರಿಗೆ ಘಮವೇ ಇಲ್ಲ” ಎಂದು ಬೀಗಿತ್ತಿ ಮೂಗು ಮುರಿದದ್ದನ್ನು ನೆನೆದರೆ ಇವರಿಗೆ ಈಗಲೂ ಮೈ ಉರಿಯುತ್ತಿತ್ತು. ಇವತ್ತು ಆ ಮೂಗಿಗೆ ತಕ್ಕ ಉತ್ತರ ಕೊಡಲೇಬೇಕಿತ್ತು.

“ನನ್ನ ಪುಡಿ ಮೇಲೆ ಒಂದ್ ಹನಿ ಬಿದ್ರೂ ನಾನು ಸುಮ್ನಿರಲ್ಲ ಮೇಷ್ಟ್ರೇ!”

“ಬೀಳಲ್ಲ ತಾಯಿ!” ಎಂದು ಅವರು ಗುಂಡಿ ಒತ್ತಿದರು.

ಹಂಡೆ ಬುಸುಗುಟ್ಟಿತು. ಆವಿಯೆಲ್ಲ ಫ್ರಿಜ್ಜಿನೊಳಗೆ ನುಗ್ಗಿ ತಣ್ಣಗಾಯಿತು. ಮೋಡ ಮಾತ್ರ ಬರಲಿಲ್ಲ!

“ಇದಕ್ಕಿಂತ ನಮ್ಮನೆ ಇಡ್ಲಿ ಪಾತ್ರೆ ವಾಸಿ.”

“ಆವಿ ತಣ್ಣಗಾದ್ರೆ ಸಾಲದು ಕಣಮ್ಮಾ! ಹನಿ ಕಟ್ಟೋಕೆ ಅದಕ್ಕೆ ಕೂತ್ಕೊಳ್ಳೋ ಜಾಗ ಬೇಕು. ಧೂಳಿನ ಕಣ ಬೇಕು! ಆಕಾಶದಲ್ಲಿ ಬೇಕಾದಷ್ಟಿದೆ. ಇಲ್ಲಿ ನೀವು ಗುಡಿಸಿ ಗುಡಿಸಿ ಎಲ್ಲಾ ಹಾಳು ಮಾಡಿದ್ದೀರಿ!”

“ಗುಡಿಸಿದ್ದೂ ನನ್ನ ತಪ್ಪೇ?” ಪುಟ್ಟಗೌರಮ್ಮ ಕೆಂಡವಾದರು.

“ಹೋಗ್ಲಿ ಬಿಡಿ. ಪುಡಿಪುಡಿಯಾಗಿರೋದು ಎಲ್ಲಿದ್ರೂ ಯಂತ್ರಾನೇ ಹುಡುಕಿಕೊಳ್ಳುತ್ತೆ.”

ಹುಡುಕಿಕೊಂಡಿತು! ಸೊಂಡಿಲು ಗರಗರ ತಿರುಗಿ ಪಂಚೆಯ ಕಡೆ ಬಾಗಿ ಸುರ್ರೆಂದು ಎಳೆಯಿತು. ಪುಟ್ಟಗೌರಮ್ಮ ಓಡಿ ಹೋಗಿ ಪಂಚೆಯನ್ನು ಹಿಡಿದು ಜಗ್ಗಿದರು. ಪಂಚೆ ಉಳಿಯಿತು, ಪುಡಿ ಹೋಯಿತು.

ಫ್ರಿಜ್ಜಿನ ಬಾಗಿಲು ಧಡಾರನೆ ತೆರೆದು ಇಟ್ಟಿಗೆ ಬಣ್ಣದ ಮೋಡವೊಂದು ಹೊರಬಂತು! ಮೇಷ್ಟ್ರು ಕುಣಿದರು, ಕೆಮ್ಮಿದರು, ಸೀನಿದರು, ಮತ್ತೆ ಕುಣಿದರು. ಮೋಡ ಊದಿಕೊಳ್ಳುತ್ತಾ ರಸ್ತೆಯ ಮೇಲಕ್ಕೆ ತೇಲಿತು.

“ಹಿಡೀರಿ ಅದನ್ನ! ನನ್ನ ವರ್ಷದ ಪುಡಿ!”

“ಮೋಡಾನ ಹೇಗೆ ಹಿಡೀಲಿ?”

“ಬಿಡೋಕೆ ಮಾತ್ರ ಬರುತ್ತಾ ನಿಮಗೆ?”

“ಅಯ್ಯೋ, ಹನಿಗೆ ಹನಿ ಸೇರಿ ಭಾರ ಆಗ್ತಿದೆ! ಇನ್ನು ಬೀಳಲೇಬೇಕು!”

ಬಿತ್ತು. ಕೆಳಗೆ ಆಟೋದಿಂದ ಆಗಷ್ಟೇ ಇಳಿದಿದ್ದ ಬೀಗರ ತಲೆಯ ಮೇಲೆ ಧಾರಾಕಾರವಾಗಿ ಸಾರು ಸುರಿಯಿತು!

ಪುಟ್ಟಗೌರಮ್ಮ ಮೆಟ್ಟಿಲು ಹಾರಿ ಬಂದರು. “ನಂದೇನೂ ತಪ್ಪಿಲ್ಲ, ಎಲ್ಲಾ ಆ ಮೇಷ್ಟ್ರದ್ದೇ!” ಎನ್ನುವಾಗ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಬೀಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡರು. ತುಟಿಯ ಮೇಲಿದ್ದ ಹನಿಯನ್ನು ಚಪ್ಪರಿಸಿದರು. ಇನ್ನೊಮ್ಮೆ ಚಪ್ಪರಿಸಿದರು.

“ಘಮ ಏನೋ ಪರವಾಗಿಲ್ಲ ಬೀಗಿತ್ತಿಯವ್ರೇ,” ಎಂದರು. “ಆದ್ರೆ ಉಪ್ಪು ಹಾಕೋದೇ ಮರ್ತಿದ್ದೀರಿ.”