ಕಾನೂನು ಕೈಗೆತ್ತಿಕೊಳ್ಳುವವರ ಸಂಘ

ಕಾನೂನನ್ನು ಕೈಗೆತ್ತಿಕೊಳ್ಳುವ ಕೆಲಸ ಈ ಪಟ್ಟಣದಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಸಂಜೆ ಐದಕ್ಕೆ ಮುಗಿಯುತ್ತದೆ. ಊಟದ ವಿರಾಮದಲ್ಲಿ ಕಾನೂನು ಯಾರ ಕೈಯಲ್ಲೂ ಇರುವುದಿಲ್ಲ. ಕೈ ತೊಳೆದು ಬಂದ ಮೇಲೆ ಮತ್ತೆ ಎತ್ತಿಕೊಳ್ಳುತ್ತಾರೆ. ಬೇರೆ ಊರುಗಳಲ್ಲಿ ಜನ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬೀದಿಗೆ ಓಡಿ ಬರುತ್ತಾರಂತೆ. ಇಲ್ಲಿನವರಿಗೆ ಅಂಥ ಅವ್ಯವಸ್ಥೆ ಒಗ್ಗುವುದಿಲ್ಲ. ಇಲ್ಲಿನ ಗಂಡಸರಲ್ಲಿ ಮುಕ್ಕಾಲು ಪಾಲು ದೊಡ್ಡ ದಾಖಲೆ ಕಚೇರಿಯಲ್ಲಿ ಜೀವ ಸವೆಸಿ ನಿವೃತ್ತರಾದವರು. ಅಡುಗೆಗೆ ಉಪ್ಪು ಕಡಿಮೆಯಾದರೆ ಹೆಂಡತಿಗೆ ಬಾಯಲ್ಲಿ ಹೇಳುವುದಿಲ್ಲ, ಅಡುಗೆಮನೆಯ ಬಾಗಿಲಿಗೆ ಒಂದು ಜ್ಞಾಪನ ಅಂಟಿಸುತ್ತಾರೆ.

ಈ ಏರ್ಪಾಡಿಗೆ ಮೂಲ ಕಾರಣ ಟೈಲರಮ್ಮನ ಹೊಲಿಗೆ ಮಿಷಿನ್ನು. ಅದು ಅವಳ ಅತ್ತೆ ಹರೆಯದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕೊಂಡದ್ದು. ಕಬ್ಬಿಣದ ಕಾಲು, ಮರದ ಹಲಗೆ, ಹಲಗೆಯ ಮೇಲೆ ಎಡ ಮೊಣಕೈ ಊರಿ ಊರಿ ಬಿದ್ದ ಒಂದು ತಗ್ಗು. ಆ ತಗ್ಗು ಅತ್ತೆಯ ಮೊಣಕೈಗೆ ಆದದ್ದಾದರೂ ಸೊಸೆಯ ಮೊಣಕೈಗೂ ಸರಿಯಾಗಿ ಕೂರುತ್ತಿತ್ತು. ಗಂಡ ಲಾರಿ ಓಡಿಸುವವನು. ಬಂದಾಗ ಬಂದ, ಹೋದಾಗ ಹೋದ. ಮನೆ ನಡೆಯುತ್ತಿದ್ದದ್ದು ಆ ಮಿಷಿನ್ನಿನ ಮೇಲೆ. ಈ ವರ್ಷವಂತೂ ಇಡೀ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಅವಳಿಗೇ ಸಿಕ್ಕಿತ್ತು. ಕತ್ತರಿಸಿದ ಬಟ್ಟೆಯ ರಾಶಿ ಅಂಗಡಿಯ ಮೂಲೆಯಲ್ಲಿ ಅವಳ ಸೊಂಟದ ಎತ್ತರಕ್ಕೆ ನಿಂತಿತ್ತು.

ಒಂದು ಮಧ್ಯಾಹ್ನ ಅವಳು ಮನೆಗೆ ಹೋಗಿ ಎರಡು ತುತ್ತು ಉಂಡು ಬರುವಷ್ಟರಲ್ಲಿ ರಾಶಿ ಇತ್ತು, ಮಿಷಿನ್ ಇರಲಿಲ್ಲ.

ಯಾರು ಕದ್ದದ್ದು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿಗೆಲ್ಲ ಇರುವ ಕಳ್ಳ ಒಬ್ಬನೇ, ಹೆಸರು ಬೆಕ್ಕು. ಸೌಮ್ಯ ಸ್ವಭಾವದವನು, ಕದ್ದ ಮನೆಯ ಬಾಗಿಲು ಮುಂದೆ ಮಾಡಿಯೇ ಹೋಗುತ್ತಿದ್ದ. ಎದುರಿನ ಕ್ಷೌರದಂಗಡಿಯವನು ಕಣ್ಣಾರೆ ಕಂಡಿದ್ದ.

"ನೋಡಿದ್ದೇನು ಬಂತು, ಹಿಂಬಾಗಿಲ ತನಕ ನಾನೇ ಒಂದು ಕೈ ಕೊಟ್ಟೆ ಅಕ್ಕಾ," ಎಂದ ಅವನು. "ಭಾರ ಇತ್ತು. ಒಬ್ಬನೇ ಒದ್ದಾಡ್ತಿದ್ದ, ಪಾಪ."

ಟೈಲರಮ್ಮ ಠಾಣೆಗೆ ಹೋದಳು. ಇನ್ಸ್‌ಪೆಕ್ಟರ್ ಸಾಹೇಬರು ಅವಳನ್ನು ಕೂರಿಸಿ, ಗೋಡೆಯ ಮೇಲಿನ ನಕ್ಷೆಯನ್ನು ಪೆನ್ಸಿಲ್ಲಿನಿಂದ ತೋರಿಸಿ, ಸಮಾಧಾನವಾಗಿ ವಿವರಿಸಿದರು.

"ನೋಡಿಮ್ಮಾ, ನಿಮ್ಮ ಅಂಗಡಿಗೆ ಎರಡು ಬಾಗಿಲು. ಮುಂಬಾಗಿಲು ನಮಗೆ ಸೇರುತ್ತೆ, ಹಿಂಬಾಗಿಲು ಪಕ್ಕದ ಠಾಣೆಗೆ. ಬೆಕ್ಕು ಮುಂದಿನಿಂದ ಬಂದು ಹಿಂದಿನಿಂದ ಹೋಗಿದ್ದಾನೆ. ಅಂದ್ರೆ ನಮ್ಮ ಸರಹದ್ದಿನಲ್ಲಿ ಆಗಿದ್ದೇನು? ಒಬ್ಬ ಮನುಷ್ಯ ಬರಿಗೈಯಲ್ಲಿ ಅಂಗಡಿ ಒಳಗೆ ಬಂದ. ಅವನಿಗೆ ಗಿರಾಕಿ ಅಂತಾರೆ, ಕಳ್ಳ ಅನ್ನಲ್ಲ."

ಪಕ್ಕದ ಠಾಣೆಯವರು ಇದನ್ನು ತುಂಬು ಮನಸ್ಸಿನಿಂದ ಒಪ್ಪಿದರು. ಅವರ ಸರಹದ್ದಿನಲ್ಲಿ ಒಬ್ಬ ಮನುಷ್ಯ ಭಾರ ಹೊತ್ತುಕೊಂಡು ಹೊರಗೆ ಬಂದಿದ್ದ. ಅವನಿಗೆ ಹಮಾಲಿ ಎನ್ನುತ್ತಾರೆ.

"ಮಧ್ಯೆ ಅಂಗಡಿ ಒಳಗೆ ಕದ್ದನಲ್ಲ ಸಾರ್!" ಎಂದಳು ಟೈಲರಮ್ಮ.

"ಒಳಗಿನದು ನಿಮ್ಮ ಖಾಸಗಿ ವಿಷಯ ತಾಯಿ. ಅದರಲ್ಲಿ ಪೊಲೀಸರು ತಲೆ ಹಾಕಬಾರದು," ಎಂದರು ಅಲ್ಲಿನ ಸಾಹೇಬರು.

ಅವಳು ಮನೆಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತಳು. ಅಳು ಬಂತು, ಅತ್ತಳು. ಅತ್ತೆ ಮಾತ್ರ ಅಳುವ ಜಾಯಮಾನದವಳಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಬೀದಿಗೆ ಇಳಿದು, ಆ ಕೊನೆಯಿಂದ ಈ ಕೊನೆಯವರೆಗೆ ಕೇಳುವ ಹಾಗೆ, ಈ ಊರಿನ ಗಂಡಸರು ಬಳೆ ತೊಟ್ಟುಕೊಳ್ಳುವುದಾದರೆ ತನ್ನವನ್ನೇ ಬಿಚ್ಚಿಕೊಡುತ್ತೇನೆಂದು ಕೂಗಿದಳು. ಮಾತು ನಾಟಿತು. ಎಷ್ಟೋ ಮನೆಗಳಿಂದ ಬೆಕ್ಕು ಏನೇನೋ ಎತ್ತಿಕೊಂಡು ಹೋಗಿದ್ದ, ಎಲ್ಲರ ಹೊಟ್ಟೆಯಲ್ಲೂ ಸಿಟ್ಟು ಕೂತಿತ್ತು. ಗಳಿಗೆಯಲ್ಲಿ ಬೀದಿ ತುಂಬ ಜನ. ಪೊರಕೆ, ಛತ್ರಿ, ಲಟ್ಟಣಿಗೆ ಹಿಡಿದು ಬೆಕ್ಕಿನ ಮನೆಗೆ ನುಗ್ಗಿ ಅವನನ್ನು ಜಗಲಿಗೆ ಎಳೆದು ತಂದರು. ಹೊಡೆಯಲು ಎತ್ತಿದ ಕೈಗಳು ಇನ್ನೇನು ಇಳಿಯಬೇಕು, ಹಿಂದಿನಿಂದ ಒಂದು ಕೂಗು ಕೇಳಿತು.

"ನಿಲ್ಲಿ! ಹೊಡೆಯೋದಕ್ಕೆ ಮಂಜೂರಾತಿ ಯಾರು ಕೊಟ್ಟರು?"

ಕೂಗಿದವರು ದೊಡ್ಡ ಗುಮಾಸ್ತರು. ದಾಖಲೆ ಕಚೇರಿಯಲ್ಲಿ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಎತ್ತಿದ ಕೈಗಳೆಲ್ಲ ಗಾಳಿಯಲ್ಲೇ ನಿಂತವು. ಮಂಜೂರಾತಿ ಇಲ್ಲದೆ ಒಂದು ಗುಂಡುಸೂಜಿಯನ್ನೂ ಮುಟ್ಟದೆ ಬಾಳಿದವರು, ಮನುಷ್ಯನನ್ನು ಹೇಗೆ ಮುಟ್ಟಿಯಾರು? ಎಲ್ಲರಿಗೂ ನಾಚಿಕೆಯಾಯಿತು. ಹೀಗೆ ಅದೇ ಜಗಲಿಯ ಮೇಲೆ, ಬೆಕ್ಕಿನ ಚಾಪೆ ಹಾಸಿ, ಬೆಕ್ಕಿನ ಲೋಟದಲ್ಲೇ ನೀರು ಕುಡಿದು, ಕಾನೂನು ಕೈಗೆತ್ತಿಕೊಳ್ಳುವವರ ಸಂಘ ಸ್ಥಾಪನೆಯಾಯಿತು. ದೊಡ್ಡ ಗುಮಾಸ್ತರು ಅಧ್ಯಕ್ಷರಾದರು. ಆರೋಪಿಗೆ ನಾಲ್ಕು ಬಿಗಿಯುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಾಲ್ಕು ಎಂದರೆ ಒಟ್ಟು ನಾಲ್ಕೋ ತಲಾ ನಾಲ್ಕೋ ಎಂಬುದನ್ನು ಉಪಸಮಿತಿಗೆ ವಹಿಸಲಾಯಿತು.

ಬೆಕ್ಕು ಕೈ ಎತ್ತಿದ. "ಸ್ವಾಮಿ, ಕದ್ದಿದ್ದು ನಾನೇ. ಮಿಷಿನ್ ಒಳಗೇ ಇದೆ. ಅಕ್ಕ ಈಗಲೇ ತಗೊಂಡು ಹೋಗ್ಲಿ, ಬೇಕಾದ್ರೆ ನಾನೇ ಹೊತ್ಕೊಂಡು ಬಂದು ಕೊಡ್ತೀನಿ."

ಟೈಲರಮ್ಮ ದಡಬಡಿಸಿ ಎದ್ದಳು. ಅಧ್ಯಕ್ಷರು ಅವಳನ್ನು ಕಣ್ಣಿನಲ್ಲೇ ಕೂರಿಸಿದರು.

"ಅದು ಕ್ರಮ ಅಲ್ಲ. ಮಾಲು ಈಗಲೇ ಕೊಟ್ಟುಬಿಟ್ಟರೆ ಕಳವು ಎಲ್ಲಿ ಉಳೀತು? ಕಳವೇ ಇಲ್ಲ ಅಂದ ಮೇಲೆ ಯಾವ ತಪ್ಪಿಗೆ ಹೊಡೀಬೇಕು? ಮೊದಲು ಶಿಕ್ಷೆ, ಆಮೇಲೆ ವಾಪಸಾತಿ."

ಅಂದು ಸಂಜೆ ಧ್ವನಿವರ್ಧಕ ಕಟ್ಟಿದ ಸೈಕಲ್ಲೊಂದು ಬೀದಿ ಬೀದಿ ತಿರುಗಿತು. "ಸಾರ್ವಜನಿಕರ ಗಮನಕ್ಕೆ. ಸಂಘದ ಕಚೇರಿಯಲ್ಲಿ ಸ್ಥಳಾವಕಾಶ ಇಲ್ಲದ ಪ್ರಯುಕ್ತ, ಕಳವಾದ ಮಾಲು ಶಿಕ್ಷೆ ಜಾರಿಯಾಗುವ ತನಕ ಕದ್ದವರ ವಶದಲ್ಲೇ ಇರತಕ್ಕದ್ದು. ಕದ್ದವರು ಅದನ್ನು ಮಾರತಕ್ಕದ್ದಲ್ಲ, ಒರೆಸಿ ಇಡತಕ್ಕದ್ದು."

ಶಿಕ್ಷೆ ಜಾರಿಯಾಗಲು ಇದ್ದ ಅಡ್ಡಿ ಒಂದೇ, ಕೋಲು. ಸಂಘದ ಕೆಲಸಕ್ಕೆ ಖಾಸಗಿ ಪೊರಕೆ ಬಳಸುವಂತಿರಲಿಲ್ಲ. ಕೋಲು ನೇರವಾಗಿರಬೇಕು, ಗಂಟಿರಬಾರದು, ನೋಯಬೇಕು, ಆದರೆ ಗುರುತು ಬೀಳಬಾರದು ಎಂದು ನಿಯಮ ಬರೆದರು. ಎಷ್ಟೋ ಜನ ಸರಬರಾಜಿಗೆ ಮುಂದೆ ಬಂದರು. ಅರ್ಹತೆಯ ಆಧಾರದ ಮೇಲೆ ಅಧ್ಯಕ್ಷರ ಭಾವಮೈದುನ ಆಯ್ಕೆಯಾದ. ಅವನು ತಂದ ಮೊದಲನೆಯ ಕೋಲು ಮೇಜಿಗೆ ತಟ್ಟಿ ನೋಡುವಾಗಲೇ ಎರಡು ತುಂಡಾಯಿತು. ಎರಡನೆಯದು ಬಿಸಿಲಿಗೆ ಬಾಗಿತು. ಪ್ರತಿ ಸಲವೂ ಕೋಲನ್ನು ತಿರಸ್ಕರಿಸಿ, ಪ್ರತಿ ಸಲವೂ ಹಣ ಪಾವತಿ ಮಾಡಿ, ಇನ್ನೊಂದು ತರಲು ಅವನಿಗೇ ಹೇಳುತ್ತಿದ್ದರು. ಭಾವಮೈದುನ ಮನೆಗೆ ಮಹಡಿ ಕಟ್ಟಿಸಲು ಶುರು ಮಾಡಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೆಕ್ಕು ದಿನಾ ಹತ್ತಕ್ಕೆ ಸಂಘದ ಕಚೇರಿಗೆ ಹಾಜರಾಗಿ ಹೊಡೆತಕ್ಕಾಗಿ ಬೆಂಚಿನ ಮೇಲೆ ಕಾಯಬೇಕಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ಕಾಯುವುದರಲ್ಲೇ ಹೊತ್ತು ಕಳೆದು ಅವನಿಗೆ ಕದಿಯಲು ಪುರಸೊತ್ತು ಸಿಗದಾಯಿತು. ಮುಖ ಬಾಡಿತು. "ಕೈ ಜಡ ಆಗೋಗ್ತಿದೆ ಅಕ್ಕಾ," ಎಂದು ಟೈಲರಮ್ಮನ ಹತ್ತಿರವೇ ಗೋಳು ತೋಡಿಕೊಂಡ. "ಮಿಷಿನ್‌ಗೆ ಮಾತ್ರ ಯೋಚನೆ ಮಾಡ್ಬೇಡಿ. ವಾರಕ್ಕೊಂದು ಸಲ ಎಣ್ಣೆ ಬಿಡ್ತಿದ್ದೀನಿ."

ಅವಳಿಗೆ ಯೋಚನೆ ಬೇರೆಯೇ ಇತ್ತು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಅವಳು ಸೂಜಿ ಹಿಡಿದು ಕೈಯಲ್ಲೇ ಹೊಲಿಯಲು ಕೂತಳು. ಬೆರಳ ತುದಿಗಳು ಜರಡಿಯಾದವೇ ಹೊರತು ರಾಶಿ ಕರಗಲಿಲ್ಲ. ಶಾಲೆಯ ಹೆಡ್ ಮಿಸ್ಸು ಅಂಗಡಿಗೇ ಬಂದು, "ಇನ್ನೊಂದು ವಾರ ನೋಡ್ತೀನಿ ಕಣಮ್ಮಾ. ಆಗಲಿಲ್ಲ ಅಂದ್ರೆ ಬಟ್ಟೆನೆಲ್ಲ ಸಿದ್ಧ ಉಡುಪಿನ ಅಂಗಡಿಗೆ ಕಳಿಸ್ತೀನಿ. ಮುಂದಿನ ವರ್ಷದ್ದೂ ಅವರಿಗೇ," ಎಂದು ಖಡಾಖಂಡಿತವಾಗಿ ಹೇಳಿ ಹೋದರು. ಆ ಕೆಲಸ ಕೈ ತಪ್ಪಿದರೆ ಅಂಗಡಿಯ ಬಾಗಿಲು ಹಾಕಬೇಕಾದದ್ದೇ. ಅವಳು ಸಂಘದ ಕಚೇರಿಗೆ ಓಡಿದಳು.

"ಅಧ್ಯಕ್ಷರೇ, ನಿಮಗೆ ಕೈ ಮುಗೀತೀನಿ. ಅವನಿಗೆ ಹೊಡೀದಿದ್ರೂ ಪರವಾಗಿಲ್ಲ, ನನ್ನ ಮಿಷಿನ್ ಕೊಡ್ಸಿ."

ಅಧ್ಯಕ್ಷರಿಗೆ ನಿಜಕ್ಕೂ ನೋವಾಯಿತು. "ಏನಮ್ಮಾ ನೀವು, ಹೀಗೆ ಸ್ವಾರ್ಥಿಗಳಾದರೆ ನ್ಯಾಯದ ಗತಿಯೇನು? ಇಷ್ಟು ಜನ ನಿಮಗಾಗಿ ಮನೆ ಮಠ ಬಿಟ್ಟು ಕೂತಿದ್ದೀವಿ. ಕೋಲು ಬರಲಿ, ತಾಳ್ಮೆ ಇರಲಿ."

ಮನೆಗೆ ಬಂದು ನಡೆದದ್ದನ್ನು ಅತ್ತೆಗೆ ಹೇಳಿದಳು. ಅತ್ತೆ ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

"ಅಲ್ಲ ಕಣೇ, ಅವತ್ತು ಸೈಕಲ್ಲಿನಲ್ಲಿ ಏನು ಕೂಗ್ಕೊಂಡು ಹೋದ್ರು? ಮಾಲು ಯಾರ ಹತ್ರ ಇರ್ಬೇಕು ಅಂದ್ರು?"

"ಕದ್ದೋರ ಹತ್ರ."

"ಹಂಗಾದ್ರೆ ಕದಿ."

ಸೊಸೆ ಬಾಯಿ ತೆರೆದಳು. "ಅತ್ತೇ! ನಮ್ಮದನ್ನೇ ನಾವು..."

"ನಮ್ಮದು ಅಂತ ಕೇಳಿದ್ದಕ್ಕೆ ಯಾರಾದ್ರೂ ಕೊಟ್ರಾ? ಏಳು, ತರಕಾರಿಯವನ ತಳ್ಳುಗಾಡಿ ಕೇಳಿ ತಗೊಂಡು ಬಾ."

ಮರುದಿನ ಬೆಳಿಗ್ಗೆ ಬೆಕ್ಕು ಹಾಜರಿ ಹಾಕಲು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ತಳ್ಳುಗಾಡಿಯೊಂದಿಗೆ ಅವನ ಮನೆಗೆ ಹೋದರು. ಚಿಲಕ ಹಾಕಿರಲಿಲ್ಲ, ಕಳ್ಳನ ಮನೆಗೆ ಯಾರು ಬರುತ್ತಾರೆ? ಮಿಷಿನ್ ಕಿಟಕಿಯ ಪಕ್ಕ, ಬೆಡ್‌ಶೀಟು ಹೊದ್ದು ನಿಂತಿತ್ತು. ಟೈಲರಮ್ಮ ಹಲಗೆಯ ತಗ್ಗಿನ ಮೇಲೆ ಕೈ ಆಡಿಸಿದಳು, ಕಣ್ಣು ತುಂಬಿ ಬಂತು. "ಆಮೇಲೆ ಅಳುವೆಯಂತೆ, ಆ ಕಾಲು ಹಿಡಿ," ಎಂದಳು ಅತ್ತೆ. ದಾರಿಯಲ್ಲಿ ಕ್ಷೌರದಂಗಡಿಯವನು ಕಂಡು, ಭಾರ ಇದೆ ಪಾಪ ಎಂದು ಒಂದು ಕೈ ಕೊಟ್ಟ.

ಮಧ್ಯಾಹ್ನ ಊಟಕ್ಕೆ ಹೋದ ಬೆಕ್ಕು ಎದೆ ಬಡಿದುಕೊಂಡು ಕಚೇರಿಗೆ ಓಡಿ ಬಂದ. ಜೀವಮಾನದಲ್ಲೇ ಮೊದಲ ಸಲ ಅವನ ಮನೆಯಲ್ಲಿ ಕಳವಾಗಿತ್ತು. "ದಿನಾ ಒರೆಸಿ ಇಡ್ತಿದ್ದೆ ಸ್ವಾಮೀ! ಮನುಷ್ಯರಾ ಇವರು?" ಎಂದು ಬಿಕ್ಕಿದ. ಸದಸ್ಯರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಸಂಘ ತುರ್ತು ಸಭೆ ಸೇರಿ ಟೈಲರಮ್ಮನನ್ನು ಕರೆಸಿತು.

"ಕದ್ದಿದ್ದು ನೀವೇನಾ?"

ಬಾಗಿಲ ಹತ್ತಿರ ನಿಂತಿದ್ದ ಅತ್ತೆಯ ಮುಖ ನೋಡಿ ಧೈರ್ಯ ತಂದುಕೊಂಡಳು. "ನಾನೇ."

"ತಪ್ಪೊಪ್ಪಿಗೆ ದಾಖಲಾಗಲಿ. ಕಳವು ರುಜುವಾತಾಗಿದೆ. ನಾಲ್ಕು ಬಿಗಿಯತಕ್ಕದ್ದು. ಮಾಲು..." ಅಧ್ಯಕ್ಷರು ಇಲ್ಲಿ ತಡೆದರು. ನಿಯಮವನ್ನು ತೆಗೆದು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ತಾವೇ ಬರೆದದ್ದು, ತಪ್ಪಿರುವ ಸಾಧ್ಯತೆ ಇರಲಿಲ್ಲ. "ಮಾಲು ಶಿಕ್ಷೆ ಜಾರಿಯಾಗುವ ತನಕ ಕದ್ದವರ ವಶದಲ್ಲೇ ಇರತಕ್ಕದ್ದು."

"ಒರೆಸಿ ಇಡ್ತೀನಿ," ಎಂದಳು ಟೈಲರಮ್ಮ.

"ನೀವೂ ದಿನಾ ಬಂದು ಕಾಯಬೇಕು."

"ಬೆಂಚು ಒಂದೇ ಇದೆಯಲ್ಲಪ್ಪಾ," ಎಂದಳು ಅತ್ತೆ ಬಾಗಿಲಿನಿಂದ. "ಹೆಣ್ಣುಮಗಳು ಆ ಕಳ್ಳನ ಪಕ್ಕ ಕೂರೋದಾ? ನಿಮ್ಮ ಮನೆ ಹೆಣ್ಣುಮಕ್ಕಳನ್ನ ಕೂರಿಸ್ತೀರಾ?"

ಇದು ಮರ್ಯಾದೆಯ ಪ್ರಶ್ನೆಯಾಗಿತ್ತು. ಮಹಿಳಾ ಅಪರಾಧಿಗಳಿಗೆ ಪ್ರತ್ಯೇಕ ಬೆಂಚು ಒದಗಿಸುವವರೆಗೆ ಅವರು ತಮ್ಮ ಮನೆಯಲ್ಲೇ ಕಾಯಬಹುದೆಂದು ತಿದ್ದುಪಡಿ ತಂದರು. ಬೆಂಚು ಸರಬರಾಜನ್ನೂ ಭಾವಮೈದುನನಿಗೇ ವಹಿಸಿದ್ದರಿಂದ ಟೈಲರಮ್ಮನಿಗೆ ಆತಂಕ ಉಳಿಯಲಿಲ್ಲ. ಅವಳು ಹಗಲೂ ರಾತ್ರಿ ಮಿಷಿನ್ ತುಳಿದಳು, ಅತ್ತೆ ಗುಂಡಿ ಹಾಕಿದಳು. ಶಾಲೆ ತೆರೆದ ದಿನ ಮಕ್ಕಳೆಲ್ಲ ಗರಿಗರಿ ಸಮವಸ್ತ್ರದಲ್ಲಿ ಸಾಲಾಗಿ ಹೋಗುವುದನ್ನು ಅತ್ತೆ ಸೊಸೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದರು. ಇಬ್ಬರಿಗೂ ಹೊಟ್ಟೆ ತುಂಬಿದ ಹಾಗಾಯಿತು.

ಸುದ್ದಿ ಊರೆಲ್ಲ ಹಬ್ಬಿತು. ತರಕಾರಿಯವನು ತನ್ನ ತಕ್ಕಡಿಯನ್ನು ಬೆಕ್ಕಿನ ಮನೆಯಿಂದ ಕದ್ದು, ತಪ್ಪೊಪ್ಪಿಕೊಂಡು, ಮನೆಗೆ ಒಯ್ದ. ಹೆಡ್ ಮಿಸ್ಸು ಶಾಲೆಯ ಗಂಟೆಯನ್ನು ಕದ್ದರು. ಕಚೇರಿಯ ಮುಂದೆ ತಪ್ಪೊಪ್ಪಿಕೊಳ್ಳುವವರ ಸಾಲು ರಸ್ತೆ ತಿರುವಿನವರೆಗೆ ಬೆಳೆಯಿತು. ಒಬ್ಬರಿಗೊಬ್ಬರು ಜಾಗ ಹಿಡಿದುಕೊಟ್ಟರು. ಕೊನೆಗೆ ಒಂದು ದಿನ ಅಧ್ಯಕ್ಷರೇ ತಮ್ಮ ಗೋಡೆ ಗಡಿಯಾರವನ್ನು ಕದ್ದು ತಂದು, ತಮ್ಮ ಮುಂದೆ ತಾವೇ ನಿಂತು ತಪ್ಪೊಪ್ಪಿಕೊಂಡು, ತಮಗೆ ತಾವೇ ಕಟುವಾದ ಮಾತುಗಳಲ್ಲಿ ನಾಲ್ಕು ಏಟು ವಿಧಿಸಿ, ಗಡಿಯಾರಕ್ಕೆ ಕೀಲಿ ಕೊಟ್ಟರು. ಇಡೀ ಪಟ್ಟಣದಲ್ಲಿ ಯಾರದ್ದೂ ಏನೂ ಕಳವಾಗಿ ಉಳಿಯಲಿಲ್ಲ. ಎರಡೂ ಠಾಣೆಯವರಿಗೆ ಮೇಲಿನಿಂದ ಪ್ರಶಂಸಾಪತ್ರ ಬಂತು.

ಒಂದು ತೊಡಕು ಮಾತ್ರ ಎದುರಾಯಿತು. ಕಳ್ಳರು ಸಂಘದ ಅಧ್ಯಕ್ಷರಾಗಿರುವಂತಿಲ್ಲ ಎಂದು ನಿಯಮವಿತ್ತು. ದೊಡ್ಡ ಗುಮಾಸ್ತರು ಗೌರವದಿಂದ ಕುರ್ಚಿ ಬಿಟ್ಟಿಳಿದರು. ಹೊಸಬರನ್ನು ಹುಡುಕಿದರೆ ಸದಸ್ಯರೆಲ್ಲ ರುಜುವಾತಾದ ಕಳ್ಳರು. ವಶದಲ್ಲಿ ಒಂದೂ ಕಳವಿನ ಮಾಲಿಲ್ಲದವನು, ಎಲ್ಲವನ್ನೂ ಕಳೆದುಕೊಂಡು ಬರಿಗೋಡೆಯ ಮನೆಯಲ್ಲಿ ಕೂತವನು, ಊರಿಗೆಲ್ಲ ಒಬ್ಬನೇ ಇದ್ದ. ಬೆಕ್ಕು ಅವಿರೋಧವಾಗಿ ಆಯ್ಕೆಯಾದ. ನ್ಯಾಯ ತಡವಾದರೂ ಸರಿಯಾದ ಕೈಗೇ ಬಂತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಹೊಸ ಅಧ್ಯಕ್ಷರು ಪದವಿಗೆ ತಕ್ಕ ಕೋಟು ಹೊಲಿಸಲು ಟೈಲರಮ್ಮನ ಅಂಗಡಿಗೆ ಬಂದರು. ಅವಳು ಸ್ಟೂಲು ಒರೆಸಿ ಕೊಟ್ಟಳು. ಅವಳಿಗೆ ಅವರ ಮೇಲೆ ಸಿಟ್ಟೇನೂ ಉಳಿದಿರಲಿಲ್ಲ. ಮಿಷಿನ್ ಮೊದಲಿಗಿಂತ ಹಗುರವಾಗಿ ಓಡುತ್ತಿತ್ತು, ಎಣ್ಣೆ ಬಿಟ್ಟಿದ್ದು ನಿಜ. ಭುಜ, ಎದೆ, ತೋಳಿನ ಅಳತೆ ತೆಗೆದುಕೊಂಡು, ಸೀಮೆಸುಣ್ಣ ಹಿಡಿದು ಕೇಳಿದಳು.

"ಜೇಬು ಎಷ್ಟು ಇಡ್ಲಿ ಅಧ್ಯಕ್ಷರೇ?"

ಅಧ್ಯಕ್ಷರು ಬೀದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಜೇಬೇ ಬೇಡ ಅಕ್ಕಾ. ಊರ ತುಂಬ ಕಳ್ಳರು. ಯಾರನ್ನ ನಂಬೋದು?"

"ಅದೂ ನಿಜಾನೇ," ಎಂದಳು ಟೈಲರಮ್ಮ ಮನಃಪೂರ್ವಕವಾಗಿ. ಜೇಬಿಗೆಂದು ಎಳೆದಿದ್ದ ಗೆರೆಯನ್ನು ಒರೆಸಿ ಕತ್ತರಿ ಕೈಗೆತ್ತಿಕೊಂಡಳು.